ಮಹಡಿಗೆ ಬೀಗ ಹಾಕುವ ಮರ

ನನ್ನ ಅಜ್ಜಿಯ ಮನೆ ದೊಡ್ಡದು. ಕೆಳಗೆ ಪಡಸಾಲೆ, ನಡುಮನೆ, ಅಡುಗೆಮನೆ. ಮೇಲೆ ಮಹಡಿಯಲ್ಲಿ ನಾಲ್ಕು ಕೋಣೆ. ಮನೆ ತುಂಬ ಜನ ಇದ್ದಾಗ ಮಹಡಿಯಲ್ಲೂ ದೀಪ ಉರಿಯುತ್ತಿತ್ತು. ಆಮೇಲೆ ಮಕ್ಕಳೆಲ್ಲ ಒಂದೊಂದು ಊರು ಸೇರಿದರು, ಅಜ್ಜಿಗೆ ಮಂಡಿನೋವು ಶುರುವಾಯಿತು. ಒಂದು ದಿನ ಅಜ್ಜಿ ಮಹಡಿಯನ್ನು ಚೆನ್ನಾಗಿ ಗುಡಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇಟ್ಟುಬಿಟ್ಟರು. “ಇನ್ನು ನನಗೆ ಕೆಳಗಿನ ಮನೆಯೇ ಸಾಕಪ್ಪ” ಅಂದರು. ಆ ಕೆಳಗಿನ ಮನೆಯಲ್ಲಿ ಅವರು ಇನ್ನೂ ಇಪ್ಪತ್ತು ವರ್ಷ ಹಾಯಾಗಿದ್ದರು.

ಕೆಲವು ಮರಗಳೂ ಹೀಗೆ ಮಹಡಿಗೆ ಬೀಗ ಹಾಕುತ್ತವೆ ಅಂದರೆ ನಂಬುತ್ತೀರಾ? ತುಂಬ ತುಂಬ ವಯಸ್ಸಾದ ಮರಗಳು ಮಾಡುವ ಕೆಲಸ ಅದು. ಇವತ್ತು ನಾವೆಲ್ಲ ಸೇರಿ ಅಂಥ ಮರಗಳನ್ನು ನೋಡಿಕೊಂಡು ಬರೋಣ. ಹೋಗಬೇಕಾದದ್ದು ಇಂಗ್ಲೆಂಡಿಗೆ. ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ಹಾಕಿಕೊಳ್ಳಿ.

ಅಲ್ಲಿಯ ಅಜ್ಜ ಮರದ ಹೆಸರು ಓಕ್. ನಮ್ಮ ಊರಿನ ದಾರಿಯಲ್ಲಿ ನೀವು ಅದನ್ನು ಕಂಡಿರಲಾರಿರಿ. ಅದರ ಎಲೆಯ ಅಂಚು ಅಲೆ ಅಲೆಯಾಗಿರುತ್ತದೆ, ಪುಟ್ಟ ಮಗು ಕತ್ತರಿಯಲ್ಲಿ ಕಾಗದ ಕತ್ತರಿಸಿದ ಹಾಗೆ. ಕಾಯಿ ಇನ್ನೂ ಚೆಂದ: ಪುಟ್ಟ ಬಟ್ಟಲೊಂದರಲ್ಲಿ ಕೂತ ಉದ್ದನೆಯ ಗೋಲಿಯಂತೆ. ಚಳಿಗಾಲ ಬರುವ ಹೊತ್ತಿಗೆ ಮರ ಎಲೆಗಳನ್ನೆಲ್ಲ ಉದುರಿಸಿ ನಿದ್ದೆಹೋಗುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹೀಗೆ ನೂರಾರು ಸಲ ಮಲಗಿ ಎದ್ದ ಓಕ್ ಮರಗಳು ಆ ದೇಶದಲ್ಲಿ ಬೇಕಾದಷ್ಟಿವೆ.

ಲಿಂಕನ್‌ಶೈರ್ ಎಂಬಲ್ಲಿ ಬೌಥಾರ್ಪ್ ಓಕ್ ಎಂಬ ಮರವಿದೆ. ಅದಕ್ಕೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು ಲೆಕ್ಕ ಹಾಕಿದ್ದಾರೆ. ಬೊಡ್ಡೆಯ ಸುತ್ತಳತೆ 12 ಮೀಟರಿಗೂ ಹೆಚ್ಚು. ನಿಮ್ಮ ತರಗತಿಯ ಹತ್ತು ಮಕ್ಕಳು ಕೈ ಕೈ ಹಿಡಿದು ನಿಂತರೆ ಅದನ್ನು ಒಂದು ಸುತ್ತು ತಬ್ಬಬಹುದು. ಆದರೆ ತಲೆಯೆತ್ತಿ ನೋಡಿದರೆ ಆಶ್ಚರ್ಯ! ಇಷ್ಟು ದಪ್ಪ ಮರ ಆಕಾಶ ಮುಟ್ಟುವಷ್ಟು ಎತ್ತರ ಇರಬೇಕಲ್ಲವೇ? ಇಲ್ಲ. ಗಿಡ್ಡಗೆ, ಗುಂಡಗೆ, ಕಂಬಳಿ ಹೊದ್ದು ಜಗಲಿಯಲ್ಲಿ ಕೂತ ತಾತನ ಹಾಗಿದೆ. ದಪ್ಪ ಆಗುತ್ತಾ ಹೋದ ಮರ ಎತ್ತರದಲ್ಲಿ ಏಕೆ ಚಿಕ್ಕದಾಗಿದೆ? ಇದೇ ನಾವು ಬಿಡಿಸಬೇಕಾದ ಒಗಟು.

ಒಗಟಿನ ಮೊದಲ ತುದಿ ಅಡುಗೆಮನೆಯಲ್ಲಿದೆ. ಮರಕ್ಕೆ ಅಡುಗೆಮನೆ ಯಾವುದು ಗೊತ್ತೇ? ಎಲೆ. ಒಂದೊಂದು ಎಲೆಯೂ ಒಂದೊಂದು ಒಲೆ. ಬೇರಿನಿಂದ ಬಂದ ನೀರು, ಗಾಳಿಯಿಂದ ತೆಗೆದುಕೊಂಡ ಇಂಗಾಲದ ಡೈಆಕ್ಸೈಡ್, ಇವೆರಡನ್ನೂ ಸೇರಿಸಿ ಬಿಸಿಲಿನ ಬಲದಿಂದ ಎಲೆ ಸಕ್ಕರೆ ತಯಾರಿಸುತ್ತದೆ. ಬೇರು, ಬೊಡ್ಡೆ, ಕೊಂಬೆ ಎಲ್ಲವೂ ಉಣ್ಣುವುದು ಈ ಅಡುಗೆಯನ್ನೇ. ಉಳಿದದ್ದನ್ನು ಮರ ಕಣಜ ತುಂಬುವಂತೆ ಕಟ್ಟಿಗೆಯಲ್ಲೂ ಬೇರಿನಲ್ಲೂ ಕೂಡಿಡುತ್ತದೆ.

ಈ ಅಡುಗೆಯಿಂದಲೇ ಮರ ಪ್ರತಿವರ್ಷ ತನ್ನ ಮೈಮೇಲೆ ಹೊಸ ಕಟ್ಟಿಗೆಯ ಒಂದು ತೆಳು ಅಂಗಿ ತೊಡುತ್ತದೆ. ಕಡಿದ ಮರದಲ್ಲಿ ಉಂಗುರ ಉಂಗುರವಾಗಿ ಕಾಣುವುದು ಈ ಅಂಗಿಗಳೇ. ಈಗ ಅಮ್ಮ ದೋಸೆ ಹುಯ್ಯುವುದನ್ನು ನೆನಪಿಸಿಕೊಳ್ಳಿ. ಒಂದು ಸೌಟು ಹಿಟ್ಟನ್ನು ಸಣ್ಣ ಕಾವಲಿಗೆ ಹುಯ್ದರೆ ದಪ್ಪ ದೋಸೆ. ಅದೇ ಒಂದು ಸೌಟನ್ನು ದೊಡ್ಡ ಕಾವಲಿಯ ತುಂಬ ಹರಡಿದರೆ ತೆಳ್ಳನೆ ದೋಸೆ. ಕಾವಲಿ ಇನ್ನೂ ದೊಡ್ಡದಾದರೆ? ಹಿಟ್ಟು ಅಂಚಿನವರೆಗೆ ಸಾಲುವುದೇ ಇಲ್ಲ.

ಮುದಿ ಮರದ ಪಾಡು ಅದೇ. ಎಲೆಗಳ ರಾಶಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಅಂದರೆ ಹಿಟ್ಟು ಅಷ್ಟೇ. ಬೊಡ್ಡೆ, ಕೊಂಬೆಗಳು ಮಾತ್ರ ವರ್ಷವರ್ಷವೂ ದಪ್ಪವಾಗುತ್ತಲೇ ಇರುತ್ತವೆ, ಅಂದರೆ ಕಾವಲಿ ದೊಡ್ಡದಾಗುತ್ತಲೇ ಇದೆ. ಅಂಗಿ ತೆಳ್ಳಗಾಗುತ್ತದೆ, ಇನ್ನೂ ತೆಳ್ಳಗಾಗುತ್ತದೆ. ಒಂದು ದಿನ ತುದಿಯವರೆಗೂ ಸಾಲದೆ ಹೋಗುತ್ತದೆ. ನೀರನ್ನು ಅಷ್ಟು ಎತ್ತರಕ್ಕೆ ಏರಿಸುವುದೂ ಕಷ್ಟವಾಗುತ್ತದೆ.

ಆಗ ಮರ ಏನು ಮಾಡುತ್ತದೆ? ಅಜ್ಜಿ ಮಾಡಿದ್ದನ್ನೇ! ಮಹಡಿಗೆ ಬೀಗ ಹಾಕುತ್ತದೆ. ನೆತ್ತಿಯ ಕೊಂಬೆಗಳು ನಿಧಾನವಾಗಿ ಒಣಗುತ್ತವೆ. ಕೆಳಗೆ, ಬೊಡ್ಡೆಗೆ ಹತ್ತಿರದಲ್ಲಿ ಹೊಸ ಚಿಗುರು ಹೊರಟು ಎರಡನೆಯ, ಚಿಕ್ಕ ತಲೆಯೊಂದು ಬೆಳೆಯುತ್ತದೆ. ದೂರದಿಂದ ನೋಡಿದರೆ ಹಸಿರು ಗೋಪುರದ ಮೇಲೆ ಒಣ ಕೊಂಬೆಗಳು ಸಾರಂಗದ ಕೊಂಬಿನ ಹಾಗೆ ಚಾಚಿಕೊಂಡಿರುತ್ತವೆ. ಕೊಂಬೆಯೇ ಕೊಂಬಾಯಿತು ನೋಡಿ! ದಾರಿಹೋಕರು “ಅಯ್ಯೋ, ಮರ ಸಾಯುತ್ತಿದೆ” ಅನ್ನುತ್ತಾರೆ. ಮರ ಸಾಯುತ್ತಿಲ್ಲ. ಬದುಕಲಿಕ್ಕಾಗಿ ಮನೆಯನ್ನು ಚಿಕ್ಕದು ಮಾಡಿಕೊಳ್ಳುತ್ತಿದೆ.

“ಆದರೆ ಒಳಗೆಲ್ಲ ಟೊಳ್ಳಾಗಿದೆಯಲ್ಲ?” ಎಂದು ನಿಮ್ಮಲ್ಲೊಬ್ಬರು ಕೇಳಬಹುದು. ಹೌದು, ಬೌಥಾರ್ಪ್ ಓಕಿನ ಪೊಟರೆ ಎಷ್ಟು ದೊಡ್ಡದೆಂದರೆ ಹಿಂದೆ ಜನ ಅದರೊಳಗೆ ಕೂತು ಊಟ ಮಾಡುತ್ತಿದ್ದರಂತೆ. ಮರದ ನಡುವಿನ ಗಟ್ಟಿ ಭಾಗಕ್ಕೆ ನಮ್ಮ ಹಿರಿಯರು ಚೇಗು ಅನ್ನುತ್ತಾರೆ. ಅದು ಹಳೆಯ ಅಂಗಿಗಳ ಗಂಟು. ಅದರಲ್ಲಿ ನೀರು ಹರಿಯುವುದಿಲ್ಲ. ಜೀವ ಓಡಾಡುವುದು ತೊಗಟೆಯ ಒಳಗಿನ ಹೊಸ ಅಂಗಿಗಳಲ್ಲಿ. ಅಣಬೆಯ ಜಾತಿಯ ಶಿಲೀಂಧ್ರಗಳು ಮೆಲ್ಲಗೆ ಚೇಗನ್ನು ತಿಂದು ಪೊಟರೆ ಮಾಡುತ್ತವೆ. ಮರ ಮಾತ್ರ ಹೊರಗೆ ಹಸಿರಾಗಿಯೇ ಇರುತ್ತದೆ.

ಟೊಳ್ಳು ಎಂದರೆ ದುರ್ಬಲ ಎಂದೇನೂ ಅಲ್ಲ. ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ನಿಲ್ಲಿಸಲು ನೋಡಿ. ಬಿದ್ದುಹೋಗುತ್ತದೆ. ಅದನ್ನೇ ಕೊಳವೆಯಂತೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿ. ಅದರ ತಲೆಯ ಮೇಲೆ ಪುಸ್ತಕ ಇಟ್ಟರೂ ಹೊರುತ್ತದೆ! ಬಿದಿರು ನಿಂತಿರುವುದು ಹೀಗೆ, ನಿಮ್ಮ ಸೈಕಲ್ಲಿನ ಚೌಕಟ್ಟು ಭಾರ ಹೊರುವುದೂ ಹೀಗೆ. ಆದರೆ ಕೊಳವೆಯ ಗೋಡೆ ತೀರ ತೆಳ್ಳಗಿದ್ದು, ಮೇಲಿನ ಭಾರ ತೀರ ಹೆಚ್ಚಾದರೆ? ಆಗ ಅಪಾಯ. ಇಲ್ಲಿಂದಲೇ ಮನುಷ್ಯರ ಕಥೆ ಶುರುವಾಗುತ್ತದೆ.

ಲಂಡನ್ನಿನ ದಕ್ಷಿಣಕ್ಕೆ ಆಶ್‌ಟೆಡ್ ಕಾಮನ್ ಎಂಬ ಕಾಡುಭೂಮಿ ಇದೆ. ಅಲ್ಲಿ 2,000ಕ್ಕೂ ಹೆಚ್ಚು ಮುದಿ ಓಕ್ ಮರಗಳಿವೆ. ನೂರಾರು ವರ್ಷಗಳ ಹಿಂದೆ ಅಲ್ಲಿಯ ಹಳ್ಳಿಗರು ಇವನ್ನು ಬುಡಸಮೇತ ಕಡಿಯುತ್ತಿರಲಿಲ್ಲ. ಎರಡು ಮೂರು ಮೀಟರ್ ಎತ್ತರದ ಬೊಡ್ಡೆ ಬಿಟ್ಟು, ಅದರ ಮೇಲಿನ ಕೊಂಬೆಗಳನ್ನು ಮಾತ್ರ ಸೌದೆಗೆಂದು ಕಡಿಯುತ್ತಿದ್ದರು. ಅಷ್ಟೇ ಎತ್ತರ ಏಕೆ? ದನಕರುಗಳ ಬಾಯಿಗೆ ಹೊಸ ಚಿಗುರು ಸಿಗಬಾರದು ಅಂತ! ಕೆಲವು ವರ್ಷ ಕಳೆದು ಕೊಂಬೆ ಬೆಳೆದ ಮೇಲೆ ಮತ್ತೆ ಕಡಿತ.

ನಮ್ಮ ಮಲೆನಾಡಿನ ಮಕ್ಕಳಿಗೆ ಇದು ಹೊಸದೇನಲ್ಲ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟಕ್ಕೆ ಹೋಗಿ ಮರ ಉಳಿಸಿ ಸೊಪ್ಪು ಕಡಿದು ತರುವುದನ್ನು ನೀವು ನೋಡಿದ್ದೀರಿ. ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯೂ ಗೊತ್ತು. ಮರವನ್ನು ಕೊಲ್ಲದೆ ಅದರಿಂದ ಪಡೆಯುವ ಜಾಣತನ ಇಲ್ಲೂ ಇದೆ, ಅಲ್ಲೂ ಇತ್ತು. ಹೀಗೆ ಸವರಿಸಿಕೊಂಡ ಓಕ್ ಮರಗಳು ಯಾವಾಗಲೂ ಗಿಡ್ಡವಾಗಿದ್ದವು. ಗಿಡ್ಡವಾಗಿದ್ದರಿಂದಲೇ ನೂರಾರು ವರ್ಷ ಬದುಕಿದವು.

ಆಮೇಲೆ ಕಲ್ಲಿದ್ದಲು ಬಂತು. ಒಲೆಗೆ ಸೌದೆ ಬೇಡವಾಯಿತು. ಜನ ಮರದ ಕಡೆ ಬರುವುದನ್ನೇ ಬಿಟ್ಟರು. ಸುಮಾರು 200 ವರ್ಷಗಳಿಂದ ಕತ್ತಿ ಕಾಣದ ಕೊಂಬೆಗಳು ಬೆಳೆದು ಬೆಳೆದು, ಒಂದೊಂದೂ ಬೇರೆ ಮರದಷ್ಟು ದಪ್ಪವಾದವು. ಕೆಳಗಿನ ಬೊಡ್ಡೆಯೋ ಮುದಿ, ಟೊಳ್ಳು. ಪುಟ್ಟ ಚೊಂಬಿನ ಬಾಯಲ್ಲಿ ದೊಡ್ಡ ಹೂಗುಚ್ಛ ಸಿಕ್ಕಿಸಿದ ಹಾಗಾಯಿತು.

ಇದರ ಕಷ್ಟ ಎಂಥದ್ದೆಂದು ನಿಮ್ಮ ಕೈಗೇ ಕೇಳಿ. ನೀರು ತುಂಬಿದ ತಂಬಿಗೆಯನ್ನು ಎದೆಗೆ ಹತ್ತಿರ ಹಿಡಿದುಕೊಳ್ಳಿ. ಎಷ್ಟು ಹೊತ್ತಾದರೂ ಹಿಡಿಯಬಹುದು. ಈಗ ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ ಹಿಡಿಯಿರಿ. ಹತ್ತು ಎಣಿಸುವಷ್ಟರಲ್ಲಿ ಭುಜ ನೋಯುತ್ತದೆ! ನೀರು ಹೆಚ್ಚಾಯಿತೇ? ಇಲ್ಲ, ದೂರ ಹೆಚ್ಚಾಯಿತು. ಭುಜದಿಂದ ಎರಡರಷ್ಟು ದೂರ ಹಿಡಿದರೆ ಭುಜದ ಮೇಲಿನ ಜಗ್ಗಾಟವೂ ಎರಡರಷ್ಟು. ಉದ್ದನೆಯ ಕೊಂಬೆಯ ತುದಿಯಲ್ಲಿರುವ ಎಲೆಗಳು ಬೊಡ್ಡೆಯನ್ನು ಜಗ್ಗುವುದು ಹೀಗೆಯೇ.

ಇನ್ನು ಗಾಳಿ ಬಂದರಂತೂ ಕೇಳಬೇಡಿ. ಮಳೆಗಾಲದಲ್ಲಿ ಬಿಚ್ಚಿದ ಕೊಡೆ ನಿಮ್ಮನ್ನೇ ಎಳೆದುಕೊಂಡು ಹೋಗುವುದಿಲ್ಲವೇ? ಎಲೆ ತುಂಬಿದ ಎತ್ತರದ ನೆತ್ತಿ ಎಂದರೆ ಬಿಚ್ಚಿದ ದೊಡ್ಡ ಕೊಡೆ. 1987ರ ಅಕ್ಟೋಬರಿನ ಒಂದು ರಾತ್ರಿ ದಕ್ಷಿಣ ಇಂಗ್ಲೆಂಡಿಗೆ ಭಾರೀ ಬಿರುಗಾಳಿ ಬಡಿಯಿತು. ಬೆಳಗಾಗುವಷ್ಟರಲ್ಲಿ ಸುಮಾರು 1.5 ಕೋಟಿ ಮರಗಳು ನೆಲಕ್ಕೆ ಒರಗಿದ್ದವು. ಅತಿಭಾರದ ಟೊಳ್ಳು ಮರವಾದರೆ ಇಂಥ ಗಾಳಿಗೆ ತೆಂಗಿನಕಾಯಿ ಒಡೆದ ಹಾಗೆ ನಡುವೆ ಎರಡು ಹೋಳಾಗಬಹುದು.

ಹಾಗಾದರೆ ಏನು ಮಾಡುವುದು? ಮರ ತಾನೇ ಮಹಡಿಗೆ ಬೀಗ ಹಾಕಲು ಹೊರಟಿದೆ, ಆದರೆ ಅದು ತುಂಬ ನಿಧಾನ. ಬಿರುಗಾಳಿ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಮರ ಬಲ್ಲವರು ಅದಕ್ಕೆ ನೆರವಾಗುತ್ತಾರೆ. ಹಗ್ಗ ಕಟ್ಟಿಕೊಂಡು ಹತ್ತಿ, ಇಲ್ಲವೇ ಯಂತ್ರದ ತೊಟ್ಟಿಲಲ್ಲಿ ಮೇಲೇರಿ, ಹೊರಗೆ ಚಾಚಿದ ಕೊಂಬೆಗಳ ತುದಿಯನ್ನು ಗರಗಸದಿಂದ ಮೊಟಕು ಮಾಡುತ್ತಾರೆ. ತುದಿಯಿಂದ ಸ್ವಲ್ಪ ತೆಗೆದರೂ ಬೊಡ್ಡೆಗೆ ಬಹಳ ಹಗುರ. ಏಕೆಂದು ತಂಬಿಗೆ ಹಿಡಿದ ನಿಮ್ಮ ಕೈಗೆ ಈಗ ಗೊತ್ತು.

ಇಲ್ಲೊಂದು ಕಟ್ಟುನಿಟ್ಟಾದ ನಿಯಮವಿದೆ: ಕಡಿದ ಪ್ರತಿ ಕೊಂಬೆಯಲ್ಲೂ ಎಲೆ ಬಿಡುವ ಪುಟ್ಟ ರೆಂಬೆಗಳು ಉಳಿದಿರಬೇಕು. ಒಲೆಗಳನ್ನೆಲ್ಲ ಕಿತ್ತುಹಾಕಿದರೆ ಮನೆಯವರು ಉಣ್ಣುವುದೇನನ್ನು? ನುಗ್ಗೆ ಮರವನ್ನು ಬೋಳು ಮಾಡಿದರೂ ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಮುದಿ ಓಕಿಗೆ ಆ ಚುರುಕು ಇಲ್ಲ. ಒಂದೇ ಸಲ ಬೋಳು ಮಾಡಿದರೆ ಅದು ಸತ್ತೇಹೋಗಬಹುದು.

ಹಾಗಾಗಿ ಇದು ನಿಧಾನದ ಕೆಲಸ. ಈ ಸಲ ಸ್ವಲ್ಪ ಸವರುತ್ತಾರೆ, ಆಮೇಲೆ ಕೆಲವು ವರ್ಷ ಸುಮ್ಮನೆ ಕಾಯುತ್ತಾರೆ. ಮರ ಏನು ಉತ್ತರ ಕೊಡುತ್ತದೆಂದು ನೋಡುತ್ತಾರೆ. ಕೆಳಗೆ ಚಿಗುರು ಬಂದರೆ, ಅದು ಗಟ್ಟಿಯಾದ ಮೇಲೆ, ಇನ್ನೂ ಸ್ವಲ್ಪ ಸವರುತ್ತಾರೆ. ಹೀಗೆ ಒಂದೇ ಮರಕ್ಕೆ ಹತ್ತಾರು ವರ್ಷಗಳ ಯೋಜನೆ! ಇವತ್ತು ಮರ ಹತ್ತಿ ಕೆಲಸ ಶುರು ಮಾಡಿದವರಿಗೆ ಅದು ಮುಗಿಯುವ ಹೊತ್ತಿಗೆ ತಲೆ ನರೆತಿರುತ್ತದೆ.

ಚಿಗುರು ಎಲ್ಲಿಂದ ಬರುತ್ತದೆ ಎಂಬುದೂ ಸೋಜಿಗದ ವಿಷಯ. ತೊಗಟೆಯ ಕೆಳಗೆ ಎಷ್ಟೋ ಮೊಗ್ಗುಗಳು ವರ್ಷಗಟ್ಟಲೆ ಮಲಗಿರುತ್ತವೆ. ಮೇಲಿನ ಕೊಂಬೆ ಮೊಟಕಾಗಿ ಬೊಡ್ಡೆಯ ಮೇಲೆ ಬಿಸಿಲು ಬಿದ್ದರೆ ಅವಕ್ಕೆ ಎಚ್ಚರವಾಗುತ್ತದೆ. ಭಾನುವಾರ ಹೊದಿಕೆ ಎಳೆದು, ಕಿಟಕಿ ತೆಗೆದರೆ ನೀವು ಏಳುತ್ತೀರಲ್ಲ, ಹಾಗೆ! ಅದಕ್ಕೇ ಮುದಿ ಮರದ ಸುತ್ತ ನುಗ್ಗಿ ಬೆಳೆದು ನೆರಳು ಕವಿಸುವ ಎಳೆಯ ಮರಗಳನ್ನೂ ಮೆಲ್ಲ ಮೆಲ್ಲನೆ ಸರಿಸುತ್ತಾರೆ.

ಗಾಯದ ಮಾತೇನು? ನಿಮ್ಮ ಮಂಡಿ ತರಚಿದರೆ ಹಳೆಯ ಚರ್ಮದ ಜಾಗಕ್ಕೆ ಹೊಸ ಚರ್ಮ ಬರುತ್ತದೆ. ಮರದ ದಾರಿ ಬೇರೆ. ಅಮೆರಿಕದಲ್ಲಿ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ಒಳಗೆ ನೋಡಿದರು. ಗಾಯದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿಕೊಳ್ಳುವುದು ಅವರಿಗೆ ಕಂಡಿತು. ಕೊಳೆತ ಭಾಗವನ್ನು ಅದು ವಾಸಿ ಮಾಡುವುದಿಲ್ಲ, ಆಚೆ ಇಟ್ಟು ಗೋಡೆ ಹಾಕಿ, ಈಚೆ ಹೊಸದನ್ನು ಬೆಳೆಸುತ್ತದೆ. ಗಾಯ ದೊಡ್ಡದಾದಷ್ಟೂ ಗೋಡೆಯ ಕೆಲಸ ಹೆಚ್ಚು. ಆದ್ದರಿಂದ ದಪ್ಪ ಕೊಂಬೆಯನ್ನು ಬುಡದಲ್ಲಿ ಕತ್ತರಿಸುವುದಕ್ಕಿಂತ ತುದಿಗಳಲ್ಲಿ ಸಣ್ಣ ಸಣ್ಣ ಗಾಯ ಮಾಡುವುದು ಮೇಲು.

ಕಾಲವನ್ನೂ ನೋಡಬೇಕು. ವಸಂತದಲ್ಲಿ ಮರ ಕೂಡಿಟ್ಟ ಸಕ್ಕರೆಯನ್ನೆಲ್ಲ ಹೊಸ ಎಲೆಗೆ ಖರ್ಚು ಮಾಡಿರುತ್ತದೆ, ಕಣಜ ಬರಿದು. ಆಗ ಕಡಿದರೆ ಗೋಡೆ ಕಟ್ಟಲು ಅದರ ಬಳಿ ಏನೂ ಇರುವುದಿಲ್ಲ. ಪೊಟರೆಯಲ್ಲಿ ಬಾವಲಿ ಮಲಗಿದೆಯೇ, ಕೊಂಬೆಯಲ್ಲಿ ಗೂಡಿದೆಯೇ ಎಂದೂ ಮೊದಲು ಇಣುಕಿ ನೋಡಬೇಕು.

ಕೆಲವೊಮ್ಮೆ ಮಾತ್ರ ಕಾಯುವಷ್ಟು ವ್ಯವಧಾನ ಇರುವುದಿಲ್ಲ. ಬೊಡ್ಡೆ ಆಗಲೇ ಬಿರುಕು ಬಿಟ್ಟಿರುತ್ತದೆ. ಇನ್ನೊಂದು ಗಾಳಿಗೆ ಮರ ಸೀಳುವುದು ಖಂಡಿತ ಎನ್ನುವಂತಿರುತ್ತದೆ. ಆಗ ಎದೆ ಗಟ್ಟಿ ಮಾಡಿಕೊಂಡು ಹೆಚ್ಚು ಕಡಿಯಲೇಬೇಕಾಗುತ್ತದೆ. ಇದು ವೈದ್ಯರು ಮಾಡುವ ದೊಡ್ಡ ಆಪರೇಷನ್ನಿನ ಹಾಗೆ. ಎಷ್ಟೋ ಮರಗಳು ಚೇತರಿಸಿಕೊಂಡು ಚಿಗುರುತ್ತವೆ, ಕೆಲವು ಚಿಗುರುವುದಿಲ್ಲ. ಅದಕ್ಕೇ ಆ ಕೆಲಸದವರು ಕೊಂಬೆಯ ಕೆಳಗೆ ನಿಂತು ಬಹಳ ಹೊತ್ತು ಯೋಚಿಸಿ ಆಮೇಲೆ ಗರಗಸ ಎತ್ತುತ್ತಾರೆ.

“ಇಷ್ಟೆಲ್ಲ ಪಾಡು ಏಕೆ? ಹಳೆಯದನ್ನು ಕಡಿದು ಹೊಸ ಸಸಿ ನೆಟ್ಟರಾಯಿತಲ್ಲ?” ಅನ್ನಿಸಿತೇ? ಬ್ರಿಟನ್ನಿನ ಓಕ್ ಮರಗಳನ್ನು ನೆಚ್ಚಿಕೊಂಡ ಜೀವಿಗಳನ್ನು ಎಣಿಸಿದಾಗ ಸುಮಾರು 2,300 ಬಗೆ ಸಿಕ್ಕವು. ಅವುಗಳಲ್ಲಿ 326 ಬಗೆಗಳಿಗೆ ಓಕ್ ಬಿಟ್ಟರೆ ಬೇರೆ ಗತಿಯಿಲ್ಲ. ಪೊಟರೆ, ಒಣಕೊಂಬೆ, ಕೊಳೆತ ಚೇಗು, ಇವೆಲ್ಲ ಎಳೆಯ ಮರದಲ್ಲಿ ಇರುವುದಿಲ್ಲ. ಇವತ್ತು ನೆಟ್ಟ ಸಸಿಯಲ್ಲಿ ಒಳ್ಳೆಯ ಪೊಟರೆಯಾಗಲು ನೂರಾರು ವರ್ಷ ಬೇಕು. ಅಲ್ಲಿಯವರೆಗೆ ಆ ಹುಳುಹುಪ್ಪಟೆಗಳನ್ನು ಎಲ್ಲಿಗೆ ಕಳಿಸುವುದು? ಕಡಿದ ಕೊಂಬೆಗಳನ್ನೂ ಮರ ಸವರುವವರು ಸಾಗಿಸಿಬಿಡುವುದಿಲ್ಲ. ಆದಷ್ಟು ಮರದ ಹತ್ತಿರವೇ ಬಿಡುತ್ತಾರೆ. ಸಾರಂಗದ ಕೊಂಬಿನಂಥ ದವಡೆಯಿರುವ ಒಂದು ಜೀರುಂಡೆ ಅಲ್ಲಿದೆ. ಅದರ ಮರಿಗಳು ಮಣ್ಣಲ್ಲಿ ಹೂತ ಕೊಳೆತ ಕಟ್ಟಿಗೆಯನ್ನೇ ತಿನ್ನುತ್ತಾ ಹಲವು ವರ್ಷ ಕಳೆಯುತ್ತವೆ.

ಎಲ್ಲ ಮರಕ್ಕೂ ಕೊಂಬೆ ಕಡಿಯುವುದೊಂದೇ ಉಪಾಯವಲ್ಲ. ಷೆರ್‌ವುಡ್ ಕಾಡಿನಲ್ಲಿ ಮೇಜರ್ ಓಕ್ ಎಂಬ ಹೆಸರುವಾಸಿ ಮರವಿದೆ. ರಾಬಿನ್ ಹುಡ್ ಅದರಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ ಎಂದು ಕಥೆ ಹೇಳುತ್ತಾರೆ. ಅದರ ಕೊಂಬೆಗಳು ಸುಮಾರು 28 ಮೀಟರ್ ಅಗಲಕ್ಕೆ ಹರಡಿಕೊಂಡಿವೆ. ಆ ಹರವನ್ನು ಉಳಿಸಬೇಕೆಂದು ಜನ ನೂರು ವರ್ಷಕ್ಕೂ ಹಿಂದೆ ಸರಪಳಿ ಬಿಗಿದರು, ಆಮೇಲೆ ಕೆಳಗಿನಿಂದ ಕಂಬ ಕೊಟ್ಟರು, ಗೊನೆ ಬಿಟ್ಟ ಬಾಳೆಗೆ ನಾವು ಕವೆಗೋಲು ಕೊಡುವ ಹಾಗೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ ತನ್ನ ಬಿಳಲುಗಳನ್ನೇ ಕಂಬ ಮಾಡಿಕೊಂಡು ಸುಮಾರು ಮೂರು ಎಕರೆ ಹರಡಿದೆ. ಅದರ ಮೂಲ ಬೊಡ್ಡೆ ಹೋದ ಮೇಲೂ ಮರ ನಿಂತಿದೆ. ಪಾಪ, ಓಕಿಗೆ ಬಿಳಲು ಇಲ್ಲ. ಅದಕ್ಕೆ ಬೇಕಾದ ಕಂಬವನ್ನು ಮನುಷ್ಯರೇ ಕೊಡಬೇಕು, ಇಲ್ಲವೇ ಭಾರ ಇಳಿಸಬೇಕು.

ಕೊನೆಗೊಂದು ಎಚ್ಚರಿಕೆ. ಇದನ್ನು ಓದಿ ನಾಳೆ ಕತ್ತಿ ಹಿಡಿದು ಹಿತ್ತಲಿಗೆ ಹೋಗಬೇಡಿ! ಕರೆಂಟಿನ ತಂತಿಗೆ ತಾಗುತ್ತದೆಂದು ನಮ್ಮ ರಸ್ತೆಗಳಲ್ಲಿ ಮರದ ಅರ್ಧ ತಲೆಯನ್ನೇ ಹಾರಿಸುತ್ತಾರಲ್ಲ, ಅದೂ ನಾನು ಹೇಳಿದ ಕೆಲಸವಲ್ಲ. ತಂತಿಗೆ ದಾರಿ ಬೇಕೆಂದು ಕಡಿಯುವುದು ಬೇರೆ, ಮರಕ್ಕೆ ಏನು ಬೇಕೆಂದು ಕೇಳಿ ಸವರುವುದು ಬೇರೆ.

ನಿಮಗೆ ಬೇರೆ ಕೆಲಸ ಕೊಡುತ್ತೇನೆ. ನಿಮ್ಮ ಊರಲ್ಲಿ ಎಲ್ಲಕ್ಕಿಂತ ಹಳೆಯ ಮರ ಯಾವುದೆಂದು ಅಜ್ಜ ಅಜ್ಜಿಯರನ್ನು ಕೇಳಿ. ಅರಳಿಯೋ, ಹುಣಸೆಯೋ, ಮಾವೋ, ಯಾವುದಾದರೂ ಸರಿ. ನಿಮ್ಮ ಎದೆಯ ಎತ್ತರಕ್ಕೆ ದಾರ ಸುತ್ತಿ ಬೊಡ್ಡೆಯ ಸುತ್ತಳತೆ ಬರೆದುಕೊಳ್ಳಿ. ತಲೆಯೆತ್ತಿ ನೆತ್ತಿಯಲ್ಲಿ ಒಣಕೊಂಬೆ ಇದೆಯೇ ನೋಡಿ. ಇದ್ದರೆ ಮರ ಸತ್ತಿತೆಂದು ತೀರ್ಮಾನ ಮಾಡಬೇಡಿ. ಕಣ್ಣನ್ನು ಕೆಳಗಿಳಿಸಿ ಬೊಡ್ಡೆಯ ಹತ್ತಿರ ಹುಡುಕಿ. ಅಲ್ಲೊಂದು ಎಳೆ ಚಿಗುರು ಕಂಡರೆ, ಆ ಮನೆಯಲ್ಲಿ ಇನ್ನೂ ಒಲೆ ಉರಿಯುತ್ತಿದೆ ಎಂದು ತಿಳಿಯಿರಿ.